ಮನೆಗೊಂದು ಪ್ರಿಂಟರ್: ಕೊಳ್ಳುವ ಮೊದಲು ಪುಟ ಎಣಿಸಿರಿ



ನಮ್ಮ ವಾಚನಾಲಯಕ್ಕೆ ಬರುವವರು ಪತ್ರಿಕೆ ಮಡಿಚಿಟ್ಟು ಏಳುವ ಮುನ್ನ ನಮ್ಮನ್ನು ಕೇಳುವ ಪ್ರಶ್ನೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಹೆಚ್ಚಾಗಿದೆ: "ಮನೆಗೆ ಒಂದು ಪ್ರಿಂಟರ್ ತರಬೇಕೆಂದಿದ್ದೇವೆ, ಯಾವುದನ್ನು ತರೋಣ?" ಹೀಗೆ ಕೇಳುವವರು ದೊಡ್ಡ ಸಂಬಳದವರಲ್ಲ. ಡೊಂಬಿವಲಿಯ ಹೋಟೆಲಿನಲ್ಲಿ ಗಲ್ಲಾದ ಮೇಲೆ ಕೂಡುವವರು, ಠಾಣೆಯ ಕಾರಖಾನೆಯಲ್ಲಿ ಪಾಳಿಯ ಮೇಲೆ ದುಡಿಯುವವರು, ವಾಶಿಯ ಮಾರುಕಟ್ಟೆಯಲ್ಲಿ ಲೆಕ್ಕ ಬರೆಯುವವರು, ಕಲ್ಯಾಣದಿಂದ ದಿನವೂ ಲೋಕಲ್ ಹಿಡಿಯುವ ಗುಮಾಸ್ತರು. ಇಂಥವರಿಗೆ ಹತ್ತು ಹನ್ನೆರಡು ಸಾವಿರ ರೂಪಾಯಿಯೆಂದರೆ ಊರಿಗೆ ಕಳಿಸಬೇಕಾದ ಹಣ, ಮಕ್ಕಳ ಶುಲ್ಕ, ಅಥವಾ ಮನೆ ಬಾಡಿಗೆ. ಆದುದರಿಂದ ಈ ಪ್ರಶ್ನೆಗೆ ಒಂದು ಕಂಪನಿಯ ಹೆಸರು ಹೇಳಿ ಕಳಿಸಿಬಿಡುವುದು ನ್ಯಾಯವಲ್ಲವೆಂದು ಭಾವಿಸಿ, ಈ ಸಂಚಿಕೆಯ ಪಾಠವನ್ನು ಇದಕ್ಕಾಗಿಯೇ ಮೀಸಲಿಟ್ಟಿದ್ದೇವೆ.

ನಾವು ಯಂತ್ರಶಾಸ್ತ್ರ ಓದಿದವರಲ್ಲ. ಮೆಟ್ರಿಕ್ ಮುಗಿಸಿ ಭಿವಂಡಿಯ ಕಡೆಯ ಒಂದು ಬಟ್ಟೆಗಿರಣಿಯಲ್ಲಿ ಗುಮಾಸ್ತಿಕೆ ಮಾಡುತ್ತಿರುವವರು. ಆದರೆ ಲೆಕ್ಕ ಹಾಕಲು ಬಲ್ಲೆವು. ಆ ಲೆಕ್ಕವನ್ನು ಮೊದಲೇ ಹಾಕದೆ ಕೈ ಸುಟ್ಟುಕೊಂಡ ಅನುಭವವೂ ನಮಗಿದೆ. ಅದನ್ನೇ ಮೊದಲು ಹೇಳುವೆವು.

ನಮ್ಮಿಂದಾದ ತಪ್ಪು

ಕೆಲವು ವರ್ಷಗಳ ಹಿಂದೆ ದೀಪಾವಳಿಯ ರಿಯಾಯಿತಿಯಲ್ಲಿ 4,000 ರೂಪಾಯಿಗೆ ಒಂದು ಸಣ್ಣ ಪ್ರಿಂಟರ್ ಕೊಂಡು ತಂದೆವು. ಪೆಟ್ಟಿಗೆಯಲ್ಲಿಯೇ ಶಾಯಿಯ ಡಬ್ಬಿ, ಅಂದರೆ ಕಾರ್ಟ್ರಿಜ್, ಇದ್ದಿತು. ಇನ್ನು ಝೆರಾಕ್ಸ್ ಅಂಗಡಿಯ ಮುಂದೆ ಸಾಲುಗಟ್ಟಿ ನಿಲ್ಲುವ ಕಷ್ಟ ತಪ್ಪಿತೆಂದು ನೆರೆಹೊರೆಯವರಿಗೆಲ್ಲ ಹೇಳಿಕೊಂಡೆವು. ಪೆಟ್ಟಿಗೆಯೊಡನೆ ಬಂದ ಶಾಯಿ ಸುಮಾರು 50 ಪುಟಗಳಿಗೆ ಮುಗಿಯಿತು. ಹೊಸ ಕಾರ್ಟ್ರಿಜ್‌ಗೆ 900 ರೂಪಾಯಿ ಎಂದಾಗ ಎದೆ ಧಸಕ್ಕೆಂದಿತು. ಆದರೂ ಯಂತ್ರ ತಂದಾಗಿತ್ತು, ಶಾಯಿ ತರಲೇಬೇಕಾಯಿತು.

ಎರಡನೆಯ ವರ್ಷ ಮೇ ತಿಂಗಳಲ್ಲಿ ಮೂರು ವಾರ ಊರಿಗೆ ಹೋದೆವು. ಹೋಗುವಾಗ ಗೋಡೆಯ ಗುಂಡಿ ಒತ್ತಿ ಮನೆಯ ವಿದ್ಯುತ್ತನ್ನೆಲ್ಲ ಬಂದುಮಾಡಿದ್ದೆವು. ತಿರುಗಿ ಬಂದ ಕೆಲದಿನಗಳಲ್ಲಿ, ರಾತ್ರಿ ಹನ್ನೊಂದರ ಹೊತ್ತಿಗೆ, ಪಕ್ಕದ ಖೋಲಿಯವರು ಬಾಗಿಲು ತಟ್ಟಿದರು. ವಿಜಾಪುರದ ಕಡೆಯವರು, ದಿನಗೂಲಿಯವರು. ಮಗಳ ಶಿಷ್ಯವೃತ್ತಿಯ ಅರ್ಜಿ ಮತ್ತು ಆದಾಯದ ದಾಖಲೆ ಸೇರಿ ನಾಲ್ಕು ಪುಟ, ಮರುದಿನವೇ ಕೊನೆಯ ದಿನ. "ಅಣ್ಣಾರ, ಮುಂಜಾನೆ ಅಂಗಡಿ ತೆಗಿಯೂತನಕ ಕಾಯಲೇನ್ರಿ?" ಎಂದು ಕೇಳಿದರು. "ಅಂಗಡಿಗೆ ಯಾಕೆ ಹೋಗುತ್ತೀರಿ? ನಮ್ಮಲ್ಲಿಯೇ ಇದೆ" ಎಂದೆವು.

ಪುಟಗಳು ಹೊರಬಂದಾಗ ಅಕ್ಷರಗಳ ಮಧ್ಯೆ ಬಿಳಿಯ ಗೆರೆಗಳಿದ್ದವು. ಮತ್ತೆ ಮತ್ತೆ ಶುಚಿಗೊಳಿಸುವ ಗುಂಡಿ ಒತ್ತಿದೆವು. ಗೆರೆಗಳು ಕಡಿಮೆಯಾದವೇ ಹೊರತು ಹೋಗಲಿಲ್ಲ. ಓದಬಹುದು, ನಡೆದೀತು ಎಂದು ನಾವೇ ಧೈರ್ಯ ಹೇಳಿ ಕೊಟ್ಟು ಕಳಿಸಿದೆವು. ಮರುದಿನ ಕಚೇರಿಯಲ್ಲಿ ದಾಖಲೆಯ ಅಂಕಿ ಕಾಣುವುದಿಲ್ಲವೆಂದು ಕಾಗದ ಹಿಂದಕ್ಕೆ ಕೊಟ್ಟರು. ಅವರು ಅಂಗಡಿ ಹುಡುಕಿ, ಹೊಸದಾಗಿ ತೆಗೆಸಿ, ಮಧ್ಯಾಹ್ನದ ವಿರಾಮ ಮುಗಿಯುವ ತನಕ ಕಾದು, ಸಂಜೆ ಅರ್ಜಿ ಕೊಟ್ಟು ಬಂದರು. ಅರ್ಜಿ ಸೇರಿತು. ಆ ದಿನದ ಕೂಲಿ ಹೋಯಿತು. ನಾವು ಉಳಿಸಿಕೊಟ್ಟುದು ನಾಲ್ಕು ಪುಟದ 12 ರೂಪಾಯಿ! "ಇರಲಿ ಬಿಡ್ರಿ ಅಣ್ಣಾರ, ನಿಮ್ಮ ಕೈಲಾದದ್ದು ನೀವು ಮಾಡೀರಿ" ಎಂದು ಅವರು ಹೇಳಿದ ಮಾತು, ಬೈದಿದ್ದರೆ ಆಗುತ್ತಿದ್ದುದಕ್ಕಿಂತ ಹೆಚ್ಚಾಗಿ ನಮ್ಮನ್ನು ಚುಚ್ಚಿತು.

ಆ ರಾತ್ರಿ ಡೈರಿ ತೆಗೆದು ಕೂತು ಮೊದಲನೆಯ ವರ್ಷದ ಲೆಕ್ಕ ಹಾಕಿದೆವು. ಯಂತ್ರಕ್ಕೆ 4,000, ನಾಲ್ಕು ಕಾರ್ಟ್ರಿಜ್‌ಗೆ 3,600, ಕಾಗದಕ್ಕೆ ಸುಮಾರು 246. ಒಟ್ಟು 7,846 ರೂಪಾಯಿ. ಮುದ್ರಿಸಿದ ಪುಟಗಳು 410. ಅಂದರೆ ಪುಟಕ್ಕೆ 19 ರೂಪಾಯಿಗಿಂತ ಮೇಲೆ. ಅದೇ 410 ಪುಟಗಳನ್ನು ಮೂಲೆಯ ಅಂಗಡಿಯಲ್ಲಿ ಮೂರು ರೂಪಾಯಿಯಂತೆ ತೆಗೆಸಿದ್ದರೆ 1,230 ರೂಪಾಯಿಯಲ್ಲಿ ಮುಗಿಯುತ್ತಿತ್ತು. ಗಿರಣಿಯ ಲೆಕ್ಕದಲ್ಲಿ ಹೀಗೆ ಮಾಡಿದ್ದರೆ ನಮ್ಮನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ.

ಶಾಯಿ ಕಾಗದಕ್ಕೆ ಬೀಳುವ ಬಗೆ

ಕೊಳ್ಳುವ ಮುನ್ನ ಯಂತ್ರದ ಗುಣ ತಿಳಿಯಬೇಕು. ಇಂಕ್‌ಜೆಟ್ ಎಂದರೆ ಶಾಯಿಯನ್ನು ಚಿಮ್ಮಿಸುವ ಯಂತ್ರ. ಅದರ ಹೆಡ್ ಎಂಬ ಭಾಗದಲ್ಲಿ ತಲೆಗೂದಲಿಗಿಂತಲೂ ಸಣ್ಣದಾದ ನೂರಾರು ರಂಧ್ರಗಳಿರುತ್ತವೆ. ಈ ರಂಧ್ರಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳು ಕಾಗದದ ಮೇಲೆ ಬೀಳುತ್ತವೆ.

ಹನಿಯನ್ನು ಚಿಮ್ಮಿಸಲು ಎರಡು ವಿಧಾನಗಳಿವೆ. ಒಂದು ಕಾಯಿಸುವ ವಿಧಾನ. 1977ರಲ್ಲಿ ಜಪಾನಿನ ಕ್ಯಾನನ್ ಕಂಪನಿಯ ಪ್ರಯೋಗಶಾಲೆಯಲ್ಲಿ ಕಾದ ಬೆಸುಗೆ ಕಡ್ಡಿಯೊಂದು ಶಾಯಿ ತುಂಬಿದ ಸೂಜಿಗೆ ತಗುಲಿ, ಮೊನೆಯಿಂದ ಶಾಯಿ ಚಿಮ್ಮಿದುದೇ ಈ ವಿಧಾನಕ್ಕೆ ಮೂಲವೆಂದು ಆ ಕಂಪನಿಯವರು ಹೇಳುತ್ತಾರೆ. ಕ್ಷಣಾರ್ಧಕ್ಕಿಂತ ಕಡಿಮೆ ವೇಳೆಯಲ್ಲಿ ಶಾಯಿ ಕುದಿದು ಗುಳ್ಳೆಯಾಗಿ ಹನಿಯನ್ನು ಹೊರಕ್ಕೆ ತಳ್ಳುತ್ತದೆ. ಕ್ಯಾನನ್ ಮತ್ತು ಎಚ್‌ಪಿ ಯಂತ್ರಗಳು ಈ ಬಗೆಯವು. ಇನ್ನೊಂದು ಒತ್ತುವ ವಿಧಾನ. ವಿದ್ಯುತ್ತು ತಗುಲಿದಾಗ ಮಣಿಯುವ ಒಂದು ಪದಾರ್ಥ ಶಾಯಿಯನ್ನು ಒತ್ತಿ ಹೊರಹಾಕುತ್ತದೆ. ಎಪ್ಸನ್ ಮತ್ತು ಬ್ರದರ್ ಯಂತ್ರಗಳು ಈ ಬಗೆಯವು. ಎರಡೂ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೆ ಎರಡಕ್ಕೂ ಶತ್ರು ಒಂದೇ: ಒಣಗಿದ ಶಾಯಿ. ಅಷ್ಟು ಸಣ್ಣ ರಂಧ್ರದಲ್ಲಿ ಶಾಯಿ ಒಣಗಿದರೆ ದಾರಿ ಕಟ್ಟಿತು, ಕಾಗದದ ಮೇಲೆ ಬಿಳಿಯ ಗೆರೆ ಬಂದಿತು. ನಮಗಾದುದು ಅದೇ.

ಅಗ್ಗದ ಯಂತ್ರ, ತುಟ್ಟಿ ಶಾಯಿ

ಹಸು ಕೊಳ್ಳುವ ರೈತ ಹಸುವಿನ ಬೆಲೆಯೊಂದನ್ನೇ ನೋಡುವುದಿಲ್ಲ. ದಿನಕ್ಕೆ ಹುಲ್ಲೆಷ್ಟು, ಹಿಂಡಿಯೆಷ್ಟು ಎಂದು ಕೇಳುತ್ತಾನೆ. ನಗರಕ್ಕೆ ಬಂದ ನಾವು ಆ ಬುದ್ಧಿಯನ್ನು ಊರಿನಲ್ಲಿಯೇ ಬಿಟ್ಟು ಬಂದಂತಿದೆ. ಪ್ರಿಂಟರಿನ ವ್ಯಾಪಾರದಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ ಇದು: ಯಂತ್ರವನ್ನು ಅಗ್ಗವಾಗಿ ಕೊಡುವುದು, ಲಾಭವನ್ನು ಶಾಯಿಯಲ್ಲಿ ತೆಗೆಯುವುದು.

ಈ ಪದ್ಧತಿಗೆ ಒಂದು ತಿರುವು ಬಂದುದು ನಮ್ಮಂಥ ಬಡ ದೇಶಗಳ ಗಿರಾಕಿಗಳಿಂದಲೇ. ಇಂಡೊನೇಷ್ಯಾ ಮುಂತಾದೆಡೆ ಅಂಗಡಿಯವರು ಪ್ರಿಂಟರಿಗೆ ಹೊರಗಿನಿಂದ ಶೀಸೆಗಳನ್ನೂ ನಳಿಗೆಗಳನ್ನೂ ಜೋಡಿಸಿ ಅಗ್ಗದ ಶಾಯಿಯಲ್ಲಿ ನಡೆಸತೊಡಗಿದರು. ಇದನ್ನು ಕಂಡು ಎಪ್ಸನ್ ಕಂಪನಿಯು 2010ರಲ್ಲಿ ತಾನೇ ತೊಟ್ಟಿಯಿರುವ ಪ್ರಿಂಟರನ್ನು ಮೊದಲು ಇಂಡೊನೇಷ್ಯಾದಲ್ಲಿ ಮಾರಾಟಕ್ಕೆ ತಂದಿತು. ಬಳಿಕ ಅದು ನಮ್ಮ ದೇಶಕ್ಕೂ ಬಂದಿತು. ಕ್ಯಾನನ್, ಎಚ್‌ಪಿ, ಬ್ರದರ್ ಕಂಪನಿಗಳೂ ಅದೇ ದಾರಿ ಹಿಡಿದವು. ಇವುಗಳನ್ನು ಅಂಗಡಿಯಲ್ಲಿ ಇಂಕ್ ಟ್ಯಾಂಕ್ ಪ್ರಿಂಟರ್ ಎನ್ನುತ್ತಾರೆ. ಯಂತ್ರದ ಬೆಲೆ ಹೆಚ್ಚು, ಶಾಯಿ ಅಗ್ಗ. ಶೀಸೆಯಿಂದ ತೊಟ್ಟಿಗೆ ನಾವೇ ಸುರಿದುಕೊಳ್ಳಬಹುದು.

ಅಂತರವೆಷ್ಟೆಂದು ಕಂಪನಿಯವರೇ ಹೇಳುವ ಅಂಕಿಗಳಿಂದ ತಿಳಿಯಬಹುದು. ಎಚ್‌ಪಿಯ 805 ಎಂಬ ಚಿಕ್ಕ ಕಪ್ಪು ಕಾರ್ಟ್ರಿಜ್‌ನಿಂದ ಸುಮಾರು 120 ಪುಟ. ಎಪ್ಸನ್‌ನ 003 ಎಂಬ 65 ಮಿಲಿಲೀಟರಿನ ಕಪ್ಪು ಶೀಸೆಯಿಂದ ಸುಮಾರು 4,500 ಪುಟ. ಕ್ಯಾನನ್‌ನ 790 ಎಂಬ 135 ಮಿಲಿಲೀಟರಿನ ಕಪ್ಪು ಶೀಸೆಯಿಂದ ಸುಮಾರು 6,000 ಪುಟ. ಒಂದು ಎಚ್ಚರ: ಇಂಥ ಅಂಕಿಗಳು ಗೊತ್ತುಪಡಿಸಿದ ಮಾದರಿ ಪುಟಗಳನ್ನು ಎಡೆಬಿಡದೆ ಮುದ್ರಿಸಿ ತೆಗೆದವು. ಮನೆಯಲ್ಲಿ ನಾವು ಇಂದು ಎರಡು, ಮುಂದಿನ ವಾರ ಮೂರು ಎಂದು ಮುದ್ರಿಸುವವರು. ನಡುನಡುವೆ ಹೆಡ್ಡನ್ನು ಶುಚಿ ಮಾಡಲು ಯಂತ್ರವೇ ಸ್ವಲ್ಪ ಶಾಯಿ ಕುಡಿಯುತ್ತದೆ. ಆದುದರಿಂದ ಪೆಟ್ಟಿಗೆಯ ಮೇಲಿನ ಅಂಕಿಗಿಂತ ಕಡಿಮೆ ಬರುವುದೆಂದೇ ತಿಳಿಯಿರಿ.

ಲೆಕ್ಕ

ಈಗ ಕಾಗದ ಪೆನ್ಸಿಲು ತೆಗೆದುಕೊಳ್ಳಿರಿ. ಕೆಳಗಿನ ದರಗಳು ಲೆಕ್ಕ ಕಲಿಯಲು ಮಾತ್ರ. ನಿಮ್ಮ ಅಂಗಡಿಯಲ್ಲಿ ಈ ಹೊತ್ತು ಇರುವ ದರವನ್ನು ಕೇಳಿ ಅವುಗಳ ಜಾಗದಲ್ಲಿ ಬರೆದುಕೊಳ್ಳಿರಿ.

ಝೆರಾಕ್ಸ್ ಅಂಗಡಿಯಲ್ಲಿ ಕಪ್ಪು ಪುಟಕ್ಕೆ 3 ರೂಪಾಯಿ, ಬಣ್ಣದ ಪುಟಕ್ಕೆ 10 ರೂಪಾಯಿ ಎಂದಿಟ್ಟುಕೊಳ್ಳೋಣ. 500 ಹಾಳೆಯ ಕಟ್ಟಿಗೆ 300 ರೂಪಾಯಿಯಾದರೆ ಹಾಳೆಗೆ 60 ಪೈಸೆ.

ಮೊದಲು ಸಣ್ಣ ಕಾರ್ಟ್ರಿಜ್ ಯಂತ್ರ. 900 ರೂಪಾಯಿಯ ಡಬ್ಬಿಯಿಂದ 120 ಪುಟ ಬಂದರೆ ಶಾಯಿಗೆ 7 ರೂಪಾಯಿ 50 ಪೈಸೆ, ಹಾಳೆಗೆ 60 ಪೈಸೆ. ಒಟ್ಟು 8 ರೂಪಾಯಿ 10 ಪೈಸೆ. ಇಲ್ಲಿ ಯಂತ್ರದ ಬೆಲೆಯನ್ನು ಸೇರಿಸಿಯೇ ಇಲ್ಲ! ಅಂಗಡಿಯ 3 ರೂಪಾಯಿಗಿಂತ ಪ್ರತಿ ಪುಟಕ್ಕೂ 5 ರೂಪಾಯಿ ಹೆಚ್ಚು. ಅಂದರೆ ಕಪ್ಪು ಪುಟಗಳ ಮಟ್ಟಿಗೆ ಈ ಯಂತ್ರದ ಬೆಲೆ ಎಂದೆಂದಿಗೂ ತಿರುಗಿ ಬರುವುದಿಲ್ಲ. ಹೆಚ್ಚು ಮುದ್ರಿಸಿದಷ್ಟೂ ಹೆಚ್ಚು ನಷ್ಟ. ಯಾರಾದರೂ ಇಂಥ ಯಂತ್ರವನ್ನು ಪುಕ್ಕಟೆಯಾಗಿ ಕೊಟ್ಟರೂ ಈ ಮಾತು ಸುಳ್ಳಾಗದು.

ಇನ್ನು ತೊಟ್ಟಿಯ ಯಂತ್ರ. ಶೀಸೆಗೆ 400 ರೂಪಾಯಿ, ಪುಟ 4,500 ಎಂದರೆ ಪುಟಕ್ಕೆ 9 ಪೈಸೆ. ಶುಚಿ ಮಾಡಲು ಹೋಗುವುದನ್ನು ಸೇರಿಸಿ 20 ಪೈಸೆ ಹಿಡಿಯೋಣ. ಹಾಳೆಗೆ 60 ಪೈಸೆ, ವಿದ್ಯುತ್ತು ಮತ್ತು ಸವಕಳಿಗೆ 20 ಪೈಸೆ. ಒಟ್ಟು 1 ರೂಪಾಯಿ. ಅಂಗಡಿಗಿಂತ ಪುಟಕ್ಕೆ 2 ರೂಪಾಯಿ ಉಳಿತಾಯ. ಯಂತ್ರದ ಬೆಲೆ 12,000 ಆದರೆ, ಅದು ತಿರುಗಿ ಬರಲು 6,000 ಪುಟ ಮುದ್ರಿಸಬೇಕು.

ತಿಂಗಳಿಗೆ 250 ಪುಟ ಮುದ್ರಿಸುವವರಿಗೆ ಇದು 24 ತಿಂಗಳ ಮಾತು. 100 ಪುಟದವರಿಗೆ 60 ತಿಂಗಳು, ಅಂದರೆ ಐದು ವರ್ಷ. 30 ಪುಟದವರಿಗೆ 200 ತಿಂಗಳು, ಅಂದರೆ ಹದಿನಾರು ವರ್ಷ ಎಂಟು ತಿಂಗಳು. ಅಷ್ಟು ವರ್ಷ ಯಂತ್ರವೂ ಉಳಿಯದು, ಆ ಶಾಯಿಯೂ ಮಾರುಕಟ್ಟೆಯಲ್ಲಿ ಸಿಗಲಾರದು.

ಬಣ್ಣದ ಪುಟಗಳಿದ್ದರೆ ಲೆಕ್ಕ ಬದಲಾಗುತ್ತದೆ. ತೊಟ್ಟಿಯ ಯಂತ್ರದಲ್ಲಿ ಸಾಧಾರಣ ಬಣ್ಣದ ಪುಟಕ್ಕೆ 2 ರೂಪಾಯಿ ಹಿಡಿದರೂ ಅಂಗಡಿಗಿಂತ 8 ರೂಪಾಯಿ ಉಳಿಯುತ್ತದೆ. ಶಾಲೆಯ ಮಕ್ಕಳಿಬ್ಬರಿರುವ ಮನೆಯಲ್ಲಿ ತಿಂಗಳಿಗೆ 50 ಕಪ್ಪು ಪುಟ, 15 ಬಣ್ಣದ ಪುಟ ಎಂದುಕೊಂಡರೆ 100 ಮತ್ತು 120, ಒಟ್ಟು 220 ರೂಪಾಯಿ ಉಳಿತಾಯ. ನಾಲ್ಕೂವರೆ ವರ್ಷಕ್ಕೆ ಯಂತ್ರದ ಬೆಲೆ ಬಂದಿತು. ಹಾಳೆ ತುಂಬ ಫೋಟೊ ತೆಗೆದರೆ ಶಾಯಿ ಹಲವು ಪಟ್ಟು ಹೋಗುವುದೆಂಬುದನ್ನು ಮಾತ್ರ ಮರೆಯಬಾರದು.

ಯಾರಿಗೆ ಯಾವುದು ತಕ್ಕುದು

ಈ ಲೆಕ್ಕದಿಂದ ನಾಲ್ಕು ಬಗೆಯ ಮನೆಗಳು ತೋರಿಬರುತ್ತವೆ.

ತಿಂಗಳಿಗೆ ಮೂವತ್ತು ನಲವತ್ತು ಪುಟದೊಳಗೆ ಇರುವವರು ಪ್ರಿಂಟರ್ ಕೊಳ್ಳಬೇಡಿರಿ. ಇದನ್ನು ಹೇಳಲು ನಮಗೆ ಸಂಕೋಚವಿಲ್ಲ. ಮೊದಲು ಮುದ್ರಿಸಬೇಕಾದುದು ಯಾವುದು, ಬೇಡವಾದುದು ಯಾವುದು ಎಂದು ವಿಂಗಡಿಸಿರಿ. ಊರಿಗೆ ಹೋಗುವ ರೈಲಿನ ಇ-ಟಿಕೇಟನ್ನು ಮೊಬೈಲಿನಲ್ಲಿ ತೋರಿಸಿ ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. 2015ರಲ್ಲಿ ಬಂದ ಸರಕಾರದ ಡಿಜಿಲಾಕರ್‌ನಲ್ಲಿ ದೊರೆಯುವ ದಾಖಲೆಗಳಿಗೆ ಮೂಲ ದಾಖಲೆಯಷ್ಟೇ ಬೆಲೆಯುಂಟು. ಉಳಿದ ಕಾಗದಗಳಿಗೆ, ಊರ ಹೊಲದ ಪಹಣಿಯೋ ಮಗುವಿನ ಶಾಲೆಯ ಅರ್ಜಿಯೋ, ಮೂಲೆಯ ಅಂಗಡಿಯೇ ಲೇಸು. ಆದರೆ ಕೊನೆಯ ರಾತ್ರಿಯ ತನಕ ಕಾಯಬೇಡಿರಿ.

ನೂರಕ್ಕೆ ಮೇಲೆ ಪುಟಗಳು, ಅದರಲ್ಲಿ ಬಣ್ಣದವೂ ಇರುವವರು, ವಾರವಾರವೂ ಮುದ್ರಿಸುವವರು ತೊಟ್ಟಿಯ ಯಂತ್ರವನ್ನು ಕೊಳ್ಳಬಹುದು. ಮಕ್ಕಳಿರುವ ಮನೆ, ಮನೆಪಾಠ ಹೇಳುವವರು, ಸಣ್ಣ ಕಮಿಶನ್ ವ್ಯವಹಾರದವರು ಈ ಗುಂಪಿನವರು.

ಕಪ್ಪು ಪುಟಗಳು ಮಾತ್ರ ಸಾಕು, ಆದರೆ ಒಂದು ತಿಂಗಳು ಇನ್ನೂರು, ಮುಂದಿನ ಎರಡು ತಿಂಗಳು ಒಂದೂ ಇಲ್ಲ ಎನ್ನುವವರು ಕಪ್ಪು ಲೇಸರ್ ಯಂತ್ರದ ಬೆಲೆಯನ್ನೂ ವಿಚಾರಿಸಿರಿ. ಅದರಲ್ಲಿ ಶಾಯಿಯ ಬದಲು ಟೋನರ್ ಎಂಬ ಒಣ ಪುಡಿ ಇರುವುದರಿಂದ ಒಣಗುವ ಭಯವಿಲ್ಲ. ಅಕ್ಷರ ನೀರಿಗೆ ಕರಗುವುದಿಲ್ಲ. ಆದರೆ ಪುಡಿಯನ್ನು ಕಾಗದಕ್ಕೆ ಅಂಟಿಸಲು ಅದು ಕಾಯಬೇಕಾಗುವುದರಿಂದ ಕ್ಷಣಕಾಲ ನೂರಾರು ವ್ಯಾಟ್ ವಿದ್ಯುತ್ತು ಎಳೆಯುತ್ತದೆ. ಮನೆಯ ಸಣ್ಣ ಇನ್‌ವರ್ಟರಿಗೆ ಅದನ್ನು ಜೋಡಿಸಕೂಡದು. ಇಂಕ್‌ಜೆಟ್‌ಗಾದರೋ ಹತ್ತಿಪ್ಪತ್ತು ವ್ಯಾಟ್ ಸಾಕು.

ನಾಲ್ಕನೆಯದು, ಒಬ್ಬೊಬ್ಬರಿಗೆ ಭಾರ, ಕೂಡಿದರೆ ಹಗುರ ಎನ್ನುವ ಮನೆಗಳು. ಒಂದೇ ಮಾಳಿಗೆಯ ಮೂರು ಮನೆಗಳವರು ತಿಂಗಳಿಗೆ 80ರಂತೆ ಮುದ್ರಿಸಿದರೆ 240 ಪುಟ. ತಲಾ 4,000 ಹಾಕಿದರೆ 25 ತಿಂಗಳಿಗೆ ಬೆಲೆ ತಿರುಗಿ ಬರುತ್ತದೆ. ಯಂತ್ರವೂ ದಿನವೂ ಓಡುವುದರಿಂದ ಹೆಡ್ ಒಣಗುವುದಿಲ್ಲ. ಒಂದು ನೋಟುಪುಸ್ತಕವನ್ನು ಯಂತ್ರದ ಪಕ್ಕದಲ್ಲಿಟ್ಟು, ಯಾರು ಎಷ್ಟು ಪುಟ ತೆಗೆದರೆಂದು ಬರೆದಿಟ್ಟರೆ ಮನಸ್ತಾಪಕ್ಕೆ ಎಡೆಯಿರುವುದಿಲ್ಲ. ನಮ್ಮವರು ಚೀಟಿಯ ಹಣವನ್ನು ವರ್ಷಗಟ್ಟಲೆ ನಂಬಿಕೆಯಿಂದ ನಡೆಸುವವರು. ಒಂದು ಪ್ರಿಂಟರನ್ನು ನಡೆಸಲಾರರೇ?

ಅಂಗಡಿಯಲ್ಲಿ ಕೇಳತಕ್ಕ ಪ್ರಶ್ನೆಗಳು

ಕೊಳ್ಳುವುದೆಂದು ಗಟ್ಟಿಯಾದ ಮೇಲೆ, ಯಂತ್ರದ ಮಿಂಚು ನೋಡಿ ಮರುಳಾಗದೆ ಈ ಪ್ರಶ್ನೆಗಳನ್ನು ಕೇಳಿರಿ.

1. ಇದರ ಶಾಯಿಯ ಹೆಸರೇನು, ಈ ಹೊತ್ತಿನ ಬೆಲೆಯೇನು, ಎಷ್ಟು ಪುಟ? ಯಂತ್ರದ ಬೆಲೆಗಿಂತ ಮೊದಲು ಇದನ್ನು ಕೇಳಿರಿ. ಆ ಶಾಯಿ ನಿಮ್ಮ ಊರಿನ ಎರಡು ಅಂಗಡಿಗಳಲ್ಲಾದರೂ ಸಿಗುತ್ತದೆಯೇ ಎಂದು ನೋಡಿರಿ.

2. ದುರಸ್ತಿಯ ಕೇಂದ್ರ ಎಲ್ಲಿದೆ? ಠಾಣೆಯಲ್ಲೋ ಕಲ್ಯಾಣದಲ್ಲೋ ಇದ್ದರೆ ಒಳ್ಳೆಯದು. ಅಥವಾ ಅವರೇ ಮನೆಗೆ ಬರುವರೇ? ಮುಂಬಯಿಯ ಲ್ಯಾಮಿಂಗ್‌ಟನ್ ರಸ್ತೆಯಲ್ಲಿ ಕಂಪ್ಯೂಟರ್ ಸಾಮಾನುಗಳ ಅಂಗಡಿಗಳು ಸಾಲಾಗಿವೆ, ಬೆಲೆಯಲ್ಲಿ ನೂರಿನ್ನೂರು ಉಳಿಯಲೂಬಹುದು. ಆದರೆ ಕೆಟ್ಟ ಯಂತ್ರವನ್ನು ಹೊತ್ತು ಡೊಂಬಿವಲಿಯಿಂದ ಅಲ್ಲಿಗೆ ಹೋಗುವ ದಿನವನ್ನೂ ಲೆಕ್ಕದಲ್ಲಿ ಹಿಡಿಯಿರಿ.

3. ವಾರಂಟಿ ಎಷ್ಟು ಕಾಲ, ಎಷ್ಟು ಪುಟ? ಹಲವು ತೊಟ್ಟಿಯ ಯಂತ್ರಗಳಿಗೆ ಒಂದು ವರ್ಷ ಅಥವಾ ಇಂತಿಷ್ಟು ಸಾವಿರ ಪುಟ, ಯಾವುದು ಮೊದಲೋ ಅದು ಎಂಬ ಕರಾರು ಇರುತ್ತದೆ. ಹೆಡ್ ಅದರಲ್ಲಿ ಸೇರಿದೆಯೇ? ಬೇರೆ ಶಾಯಿ ಹಾಕಿದರೆ ವಾರಂಟಿ ಹೋಗುವುದೇ?

4. ಹೆಡ್ಡನ್ನು ನಾವೇ ಬದಲಿಸಬಹುದೇ, ಅದರ ಬೆಲೆಯೆಷ್ಟು? ಕೆಲವು ಯಂತ್ರಗಳಲ್ಲಿ ಹೆಡ್ಡನ್ನು ಕಳಚಿ ಹೊಸದು ಹಾಕಬಹುದು. ಕೆಲವುದರಲ್ಲಿ ಅದು ದುರಸ್ತಿಯವರ ಕೆಲಸ.

5. ಹಾಳು ಶಾಯಿ ಎಲ್ಲಿ ಹೋಗುತ್ತದೆ? ಶುಚಿ ಮಾಡಿದಾಗ ಬಿದ್ದ ಶಾಯಿಯನ್ನು ಒಳಗಿನ ಒಂದು ಮೆತ್ತೆ ಹೀರುತ್ತದೆ. ಮೆತ್ತೆ ತುಂಬಿತೆಂದು ಎಣಿಕೆಯಾದೊಡನೆ ಯಂತ್ರ ನಿಂತುಬಿಡುತ್ತದೆ. ಕೆಲವು ಹೊಸ ಮಾದರಿಗಳಲ್ಲಿ ಇದನ್ನು ಸಣ್ಣ ಡಬ್ಬಿಯಂತೆ ನಾವೇ ಬದಲಿಸಬಹುದು. ಅಂಥದು ಲೇಸು.

6. ಕಪ್ಪು ಶಾಯಿ ಪಿಗ್ಮೆಂಟ್ ಬಗೆಯದೋ ಡೈ ಬಗೆಯದೋ? ಪಿಗ್ಮೆಂಟ್ ಎಂದರೆ ಬಣ್ಣದ ಕಣಗಳು ಕಾಗದದ ಮೇಲೆ ಕೂಡುವ ಶಾಯಿ, ಒಣಗಿದ ಮೇಲೆ ನೀರಿಗೆ ಸುಲಭವಾಗಿ ಹರಡದು. ಡೈ ಎಂದರೆ ನೀರಿನಲ್ಲಿ ಕರಗಿದ ಬಣ್ಣ. ಜುಲೈ ತಿಂಗಳಲ್ಲಿ ಲೋಕಲ್ ಇಳಿದು ಕಚೇರಿಗೆ ಅರ್ಜಿ ಒಯ್ಯುವ ನಮಗೆ ಇದು ಸಣ್ಣ ವಿಷಯವಲ್ಲ.

7. ಮೊಬೈಲಿನಿಂದ ನೇರವಾಗಿ ಮುದ್ರಿಸಬಹುದೇ? ಅನೇಕರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಅಂಥವರು ವೈಫೈ ಇರುವುದನ್ನೇ ಕೊಳ್ಳಬೇಕು. ಮೇಲೆ ಗಾಜಿರುವ, ನಕಲು ತೆಗೆಯುವ ಮಾದರಿಯಾದರೆ ಆಧಾರ್ ಮುಂತಾದುವುಗಳ ನಕಲಿಗೆ ಅಂಗಡಿಗೆ ಹೋಗಬೇಕಾಗಿಲ್ಲ.

ಕನ್ನಡ ಚೆನ್ನಾಗಿ ಬರುವುದೇ ಎಂದೂ ಕೆಲವರು ಕೇಳುತ್ತಾರೆ. ಪ್ರಿಂಟರಿಗೆ ಭಾಷೆಯಿಲ್ಲ, ಅದು ಚುಕ್ಕೆಗಳನ್ನು ಇಡುತ್ತದೆ, ಅಷ್ಟೆ. ಒತ್ತಕ್ಷರ ಒಡೆದು ಬಂದರೆ ತಪ್ಪು ಫಾಂಟಿನದು. ಬರೆದ ಯಂತ್ರದಲ್ಲಿಯೇ ಪಿಡಿಎಫ್ ಮಾಡಿ ಕಳಿಸಿದರೆ ಮಂಗಳೂರಿನಲ್ಲಿ ಬರೆದ ಕನ್ನಡ ಕಲ್ಯಾಣದಲ್ಲಿಯೂ ಹಾಗೆಯೇ ಮುದ್ರಿತವಾಗುತ್ತದೆ.

ಬಿಲ್ಲನ್ನು ತಪ್ಪದೆ ಪಡೆಯಿರಿ. ಅದರಲ್ಲಿ ಯಂತ್ರದ ಮಾದರಿಯೂ ಸೀರಿಯಲ್ ನಂಬರೂ ಇರಬೇಕು. ಬಿಲ್ಲಿನ ಅಕ್ಷರ ಮಾಸುವ ಮುನ್ನ ಫೋಟೊ ತೆಗೆದಿಡಿರಿ. ಅಂಗಡಿಯವರು ಮಾತಿಗೆ ತಪ್ಪಿದರೆ ಕೇಂದ್ರ ಸರಕಾರದ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು. ಕೈಬದಲಾದ ಹಳೆಯ ಇಂಕ್‌ಜೆಟ್ ಕೊಳ್ಳಬೇಡಿರಿ. ಅದು ಎಷ್ಟು ದಿನ ಒಣಗಿ ಬಿದ್ದಿತ್ತೆಂದು ಹೊರಗಿನಿಂದ ತಿಳಿಯದು.

ಮನೆಗೆ ತಂದ ಮೇಲೆ

ಯಂತ್ರವನ್ನು ಅದರ ಗುಂಡಿಯಿಂದಲೇ ಬಂದುಮಾಡಿರಿ. ಆಗ ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳದ ಮೇಲೆ ಕೂಡುತ್ತದೆ. ಅದಾದ ಮೇಲೆ ಗೋಡೆಯ ಗುಂಡಿ ಒತ್ತಿರಿ. ಮುದ್ರಣದ ನಡುವೆ ಗೋಡೆಯ ಗುಂಡಿಯನ್ನೇ ಒತ್ತಿದರೆ ಹೆಡ್ ತೆರೆದ ಬಾಯಲ್ಲಿ ನಿಂತು ಒಣಗುತ್ತದೆ. ನಮ್ಮ ಯಂತ್ರ ಕೆಟ್ಟುದರಲ್ಲಿ ಈ ತಪ್ಪಿನ ಪಾಲು ದೊಡ್ಡದು.

ವಾರಕ್ಕೊಮ್ಮೆ ಎಲ್ಲ ಬಣ್ಣಗಳೂ ಇರುವ ಒಂದು ಪುಟ ತೆಗೆಯಿರಿ. ಊರಿಗೆ ಹೋಗುವಾಗ ಪಕ್ಕದವರಿಗೆ ಬೀಗದ ಕೈ ಕೊಟ್ಟು, ಗಿಡಕ್ಕೆ ನೀರು ಹಾಕುವಂತೆ ಇದಕ್ಕೂ ಒಂದು ಪುಟ ತೆಗೆಯಲು ಹೇಳಿರಿ. ಬಿಳಿಯ ಗೆರೆ ಬಂದರೆ ಎರಡು ಮೂರು ಸಲ ಶುಚಿ ಮಾಡಿ ನಿಲ್ಲಿಸಿ, ಒಂದು ರಾತ್ರಿ ಬಿಟ್ಟು ಮತ್ತೆ ನೋಡಿರಿ. ಹತ್ತಾರು ಸಲ ಒತ್ತಿದರೆ ಶಾಯಿಯೂ ಹೋಯಿತು, ಮೆತ್ತೆಯೂ ತುಂಬಿತು.

ತೊಟ್ಟಿಯಲ್ಲಿ ಶಾಯಿ ಕೆಳಗಿನ ಗೆರೆಗಿಂತ ಇಳಿಯಗೊಡಬಾರದು. ಇಳಿದರೆ ನಳಿಗೆಯಲ್ಲಿ ಗಾಳಿ ಸೇರುತ್ತದೆ. ಶಾಯಿ ತುಂಬಿದ ಯಂತ್ರವನ್ನು ಓರೆ ಮಾಡಬಾರದು. ಮನೆ ಬದಲಿಸುವಾಗ ಮಡಿಲಲ್ಲಿ ಮಗುವಿನಂತೆ ನೆಟ್ಟಗೆ ಇಟ್ಟುಕೊಂಡು ಹೋಗಬೇಕು.

ನಮ್ಮ ಸೀಮೆಯ ಮಳೆಗಾಲ ಜೂನ್‌ನಿಂದ ಸಪ್ಟೆಂಬರ್ ತನಕ ಕಾಗದಕ್ಕೆ ಕೇಡುಗಾಲ. ತೇವ ಹಿಡಿದ ಹಾಳೆ ಸುರುಳಿಯಾಗಿ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಕಟ್ಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟು ಬೇಕಾದಷ್ಟೇ ಹಾಳೆ ಹಾಕಿರಿ. ಒಂದೇ ಖೋಲಿಯ ಮನೆಯಾದರೆ ಒಗ್ಗರಣೆಯ ಹೊಗೆ ತಾಗದ ಮೂಲೆಯಲ್ಲಿಡಿರಿ. ಕೆಲಸವಿಲ್ಲದಾಗ ಹಳೆಯ ಸೀರೆಯ ತುಂಡಾದರೂ ಮುಚ್ಚಿರಿ. ಧೂಳಿನೊಡನೆ ಜಿರಲೆ, ಹಲ್ಲಿಗಳೂ ಒಳಗೆ ಮನೆ ಮಾಡುವುದುಂಟು.

ಕೊನೆಯ ಮಾತು

ಹಾಗಾದರೆ ಯಾವ ಕಂಪನಿ ಎಂದು ಇನ್ನೂ ಕೇಳುವಿರಾ? ಮೇಲಿನ ಏಳು ಪ್ರಶ್ನೆಗಳಿಗೆ ನಿಮ್ಮ ಊರಿನಲ್ಲಿ ಯಾರ ಉತ್ತರ ಚೆನ್ನಾಗಿದೆಯೋ ಆ ಕಂಪನಿ. ಆದರೆ ಅಂಗಡಿಗೆ ಹೋಗುವ ಮುನ್ನ ಒಂದು ತಿಂಗಳು ತಾಳಿರಿ. ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ, ಆ ದಿನ ಅಂಗಡಿಯಲ್ಲಿ ತೆಗೆಸಿದ ಪುಟಗಳ ಸಂಖ್ಯೆಯನ್ನು ಬರೆಯಿರಿ. ಕಪ್ಪು ಎಷ್ಟು, ಬಣ್ಣ ಎಷ್ಟು. ತಿಂಗಳ ಕೊನೆಗೆ ಕೂಡಿಸಿರಿ. ಆ ಒಂದು ಅಂಕಿ ಯಾವ ಜಾಹೀರಾತಿಗಿಂತಲೂ ಹೆಚ್ಚು ನಿಜ ಹೇಳುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಹಿರಿಯರು ಹೇಳಿದ್ದಾರೆ. ಹಾಸಿಗೆಯ ಉದ್ದವನ್ನು ಅಳೆಯದೆ ಚಾಚಿದವರ ಸಾಲಿನಲ್ಲಿ ನಾವೂ ಇದ್ದೆವು.

ಪಕ್ಕದ ಖೋಲಿಯವರ ಮಗಳಿಗೆ ಆ ವರ್ಷ ಶಿಷ್ಯವೃತ್ತಿ ದೊರೆಯಿತು. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಈಗ ನಮ್ಮ ಮಾಳಿಗೆಯ ಮೂರು ಮನೆಗಳವರು ಸೇರಿ ಒಂದು ತೊಟ್ಟಿಯ ಯಂತ್ರ ಇಟ್ಟುಕೊಂಡಿದ್ದೇವೆ. ಪುಟದ ಲೆಕ್ಕದ ಪುಸ್ತಕವನ್ನು ಬರೆಯುವವಳು ಅವಳೇ. ತಿಂಗಳ ಕೊನೆಗೆ ನಮ್ಮ ಬಾಕಿಯನ್ನು ಪೈಸೆ ಬಿಡದೆ ಕೇಳುತ್ತಾಳೆ.

ನಿಮ್ಮ ತಿಂಗಳ ಅಂಕಿಯನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಯಾವುದಾದರೂ ರವಿವಾರ ವಾಚನಾಲಯಕ್ಕೆ ಬನ್ನಿರಿ. ಕೂತು ಲೆಕ್ಕ ಹಾಕೋಣ. ಕೊಳ್ಳಬೇಕೆಂದು ತೋರಿದರೆ ಕೊಳ್ಳಿರಿ. ಬೇಡವೆಂದು ತೋರಿದರೆ ಆ ಹಣ ನಿಮ್ಮ ಮನೆಯಲ್ಲಿಯೇ ಉಳಿಯಲಿ.